ಕೋತಿಯ ಕೂಸು, ಪತಂಗದ ಮೊಟ್ಟೆ

ತೊಗರಿ ಹೊಲಕ್ಕೆ ಕೋತಿ ನುಗ್ಗಿದರೆ ಊರಿಗೆಲ್ಲ ಗೊತ್ತಾಗುತ್ತದೆ. ಡಬ್ಬ ಬಡಿಯುತ್ತೇವೆ, ಕೂಗುತ್ತೇವೆ. ಅದೇ ಹೊಲಕ್ಕೆ ರಾತ್ರಿ ಪುಟ್ಟ ಪತಂಗವೊಂದು ಬಂದು ಹೋದರೆ ಯಾರಿಗೂ ಸುಳಿವಿರುವುದಿಲ್ಲ. ಸೋದರಿಯರೇ, ಚಿಂಚೋಳಿಯ ಮನೆಗಳು ಯಾವುದಕ್ಕೆ ಹೆಚ್ಚು ಅಂಜಬೇಕು?

ನಮ್ಮ ನಾಡಿನ ಸಾಮಾನ್ಯ ಕೋತಿ, ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಬಾನೆಟ್ ಮಕಾಕ್, ದಕ್ಷಿಣ ಭಾರತ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಸಹಜವಾಗಿ ಇಲ್ಲ. ನಮ್ಮಂತೆಯೇ ಬೆನ್ನೆಲುಬಿರುವ, ಹಾಲೂಡಿಸುವ ಪ್ರಾಣಿ. ಐದೂವರೆ ತಿಂಗಳು ಹೊತ್ತು, ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅದನ್ನು ಹೊಟ್ಟೆಗೆ ಅಪ್ಪಿಕೊಂಡು ತಿರುಗುತ್ತದೆ, ಏನು ತಿನ್ನಬೇಕು, ಯಾರಿಗೆ ಹೆದರಬೇಕು ಎಂದು ಕಲಿಸುತ್ತದೆ.

ಕಾಯಿಕೊರಕದ ಪತಂಗ ಕೀಟ. ಆರು ಕಾಲು, ನಾಲ್ಕು ರೆಕ್ಕೆ, ಮೂಳೆಯಿಲ್ಲ. ಹೆಣ್ಣೊಂದು ಸಾವಿರದಷ್ಟು ಮೊಟ್ಟೆಗಳನ್ನು ಹೂ, ಮೊಗ್ಗು, ಎಳೆಗಾಯಿಗಳ ಮೇಲೆ ಒಂದೊಂದಾಗಿ ಇಟ್ಟು ಹಾರಿಹೋಗುತ್ತದೆ. ಮರಿಯ ಮುಖವನ್ನೇ ನೋಡುವುದಿಲ್ಲ. ಮೂರ್ನಾಲ್ಕು ದಿನದಲ್ಲಿ ಹೊರಬರುವ ಹುಳು ಕಾಯಿಯೊಳಗೆ ತಲೆ ತೂರಿಸಿ ಕಾಳು ತಿನ್ನುತ್ತದೆ. ಎರಡು-ಮೂರು ವಾರದ ನಂತರ ಮಣ್ಣಿಗಿಳಿದು ಕೋಶವಾಗಿ, ಮತ್ತೆ ಪತಂಗವಾಗಿ ಏಳುತ್ತದೆ.

ಒಂದು ಜೀವ ಒಂದೇ ಮರಿಯನ್ನು ಜೋಪಾನ ಮಾಡಿ ಬದುಕುತ್ತದೆ. ಇನ್ನೊಂದು ಸಾವಿರ ಇಟ್ಟು, ಕೆಲವಾದರೂ ಉಳಿಯಲಿ ಎಂದು ಬಿಟ್ಟುಬಿಡುತ್ತದೆ. ಓಡಿಸಿದರೆ ಕೋತಿ ಹೋಗುತ್ತದೆ, ಪತಂಗದ ಸಂತಾನ ಕಾಯಿಯೊಳಗೇ ಕುಳಿತಿರುತ್ತದೆ. ಹಾಗಾಗಿ ಹೆಚ್ಚು ಅಂಜಬೇಕಾದದ್ದು ಪತಂಗಕ್ಕೇ.

2019ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಕಲಬುರಗಿ ತೊಗರಿಗೆ ದೊಡ್ಡ ಶತ್ರು ಇದೇ. ಮದ್ದು ಹೆಚ್ಚು ಹೊಡೆದರೆ ಸಾಕೆಂದು ತಿಳಿಯಬೇಡಿ. ಸಾವಿರದಲ್ಲಿ ಮದ್ದಿಗೆ ಬಗ್ಗದ ನಾಲ್ಕು ಉಳಿದರೂ ಮುಂದಿನ ಪೀಳಿಗೆ ಅವುಗಳದೇ. ಅನೇಕ ಮದ್ದುಗಳಿಗೆ ಈ ಹುಳು ಆಗಲೇ ಒಗ್ಗಿಕೊಂಡಿದೆ. ಹಣವೂ ಹೋಯಿತು, ಬೆಳೆಯೂ ಹೋಯಿತು.

ನಿಮ್ಮ ಕೈಯಲ್ಲಿಯೇ ಇರುವ ಉಪಾಯಗಳಿವೆ. ಹೂ ಬಿಟ್ಟಾಗಿನಿಂದ ವಾರಕ್ಕೊಮ್ಮೆಯಾದರೂ ಗಿಡ ನೋಡಿ. ಹಾಳೆ ಹಾಸಿ ಗಿಡ ಅಲ್ಲಾಡಿಸಿದರೆ ಹುಳುಗಳು ಉದುರುತ್ತವೆ, ಕೋಳಿಗೆ ಹಾಕಬಹುದು. ನಮ್ಮ ಭಾಗದ ರೈತರ ಹಳೆಯ ಪದ್ಧತಿಯಿದು. ಮದ್ದು ಹೊಡೆದ ಹೊಲದ ಹುಳು ಮಾತ್ರ ಕೋಳಿಗೆ ಬೇಡ. ಹಕ್ಕಿ ಕೂರಲು ಕೋಲು ನೆಡಿ, ಮೊಟ್ಟೆ ಕಂಡಾಗಲೇ ಬೇವಿನ ಬೀಜದ ಕಷಾಯ ಸಿಂಪಡಿಸಿ.

ಕೋತಿಗೆ ಡಬ್ಬ ಬಡಿಯುವ ಮಕ್ಕಳಿಗೆ ಈ ಬಾರಿ ತೊಗರಿ ಹೂವಿನ ಮೇಲಿನ ಆ ಬಿಳಿ ಚುಕ್ಕೆಯನ್ನೂ ತೋರಿಸಿ.