ಸ್ಪಾರ್ಟಕ್ ಹೆಸರು, ಕಾರ್ಖಾನೆಯ ಸಂಬಳ

ಕೊಡಗೆಂದರೆ ಹಾಕಿ ಎಂದು ಹೊರಗಿನವರು ನಂಬಿಬಿಟ್ಟಿದ್ದಾರೆ. ನೆಲ್ಯಹುದಿಕೇರಿ, ಸಿದ್ದಾಪುರ, ಸುಂಟಿಕೊಪ್ಪದ ಕಾಫಿ ತೋಟಗಳ ಸೀಮೆಗೆ ಬಂದು ನೋಡಲಿ. ಇಲ್ಲಿ ಫುಟ್‌ಬಾಲ್ ಹುಚ್ಚು. ಸುಂಟಿಕೊಪ್ಪದ ಡಿ. ಶಿವಪ್ಪ ಸ್ಮಾರಕ ಗೋಲ್ಡ್ ಕಪ್ ಎಂದರೆ ಸುತ್ತಲಿನ ಊರುಗಳಿಗೆಲ್ಲ ಗೊತ್ತು. ಊರಿನ ಹುಡುಗರು ತಂಡ ಕಟ್ಟುತ್ತಾರೆ, ಹೆಸರನ್ನೂ ತಾವೇ ಇಟ್ಟುಕೊಳ್ಳುತ್ತಾರೆ. ಯಾವ ಇಲಾಖೆಯ ಅಪ್ಪಣೆಯೂ ಬೇಕಿಲ್ಲ.

ಸೋವಿಯತ್ ರಷ್ಯದಲ್ಲಿ ಹಾಗಿರಲಿಲ್ಲ; ತಂಡದ ಹೆಸರು ಕೇಳಿದರೆ ಯಜಮಾನ ಯಾರೆಂದು ತಿಳಿಯುತ್ತಿತ್ತು. 1923ರಲ್ಲಿ ಹುಟ್ಟಿದ ಡೈನಮೊ ಗುಪ್ತ ಪೊಲೀಸರದು, ಲೊಕೊಮೊಟಿವ್ ರೈಲ್ವೆಯದು, ಟಾರ್ಪೆಡೊ ಮಾಸ್ಕೋದ ಮೋಟಾರು ಕಾರ್ಖಾನೆಯದು, ಸಿಎಸ್‌ಕೆಎ ಸೇನೆಯದು. ಇವುಗಳ ನಡುವೆ ಸ್ಪಾರ್ಟಕ್ ಒಂದು ವಿಚಿತ್ರ. ಮಾಸ್ಕೋದ ಪ್ರೆಸ್ನ್ಯಾ ಬಡಾವಣೆಯಲ್ಲಿ 1922ರಲ್ಲಿ ನಿಕೊಲಾಯ್ ಸ್ಟಾರೊಸ್ಟಿನ್ ಮತ್ತು ಗೆಳೆಯರು ಕಟ್ಟಿದ ತಂಡವದು. 1935ರಲ್ಲಿ ಕುಶಲಕರ್ಮಿಗಳ ಸಹಕಾರ ಸಂಘಗಳ ಆಸರೆ ಸಿಕ್ಕಿದಾಗ ರೋಮಿನ ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ನ ಹೆಸರು ಇಟ್ಟರು. ಪೊಲೀಸರ ತಂಡಕ್ಕೆ ಎದುರಾಳಿಯಾಗಿ ದಂಗೆಕೋರನ ಹೆಸರು! ಜನ ಮುಗಿಬಿದ್ದದ್ದರಲ್ಲಿ ಆಶ್ಚರ್ಯವೇನು?

ಗುಪ್ತ ಪೊಲೀಸ್ ಮುಖ್ಯಸ್ಥ ಬೆರಿಯಾ ಜಾರ್ಜಿಯದವನು, ಟ್ಬಿಲಿಸಿ ಡೈನಮೊದ ಪೋಷಕ. 1939ರ ಸೋವಿಯತ್ ಕಪ್ ಸೆಮಿಫೈನಲ್‌ನಲ್ಲಿ ಆ ತಂಡವನ್ನು ಸೋಲಿಸಿದ ಸ್ಪಾರ್ಟಕ್ ಫೈನಲ್ಲನ್ನೂ ಗೆದ್ದಿತ್ತು. ಆಮೇಲೆ ಅಪ್ಪಣೆ ಬಂತು: ಸೆಮಿಫೈನಲ್ ಮತ್ತೆ ಆಡಿ! ಆಡಿದರು, 3-2ರಿಂದ ಮತ್ತೆ ಗೆದ್ದರು. ನಾಲ್ವರು ಸ್ಟಾರೊಸ್ಟಿನ್ ಸೋದರರು 1942ರಲ್ಲಿ ಸೆರೆಯಾದರು. ದೂರದ ಉಖ್ತಾದಲ್ಲಿ ಕೈದಿ ನಿಕೊಲಾಯ್ ತರಬೇತಿ ಕೊಡಬೇಕಾಗಿ ಬಂದದ್ದು ಅಲ್ಲಿನ ಡೈನಮೊ ತಂಡಕ್ಕೇ.

ಇಲಾಖೆಯ ಹೆಸರು ಹೊತ್ತ ತಂಡಗಳು ನಮಗೇನೂ ಹೊಸತಲ್ಲ. ಒಂದು ಕಾಲಕ್ಕೆ ಬೆಂಗಳೂರಿನ ಲೀಗ್ ತುಂಬ ಎಚ್‌ಎಎಲ್, ಐಟಿಐ ಕಾರ್ಖಾನೆಗಳ, ಎಂಇಜಿ, ಎಎಸ್‌ಸಿ ಸೇನಾ ಪಡೆಗಳ ತಂಡಗಳೇ ಇದ್ದವು. ಇಲಾಖೆಯ ಹಂಗಿಲ್ಲದೆ ಮೆರೆದದ್ದು ಬೆಂಗಳೂರು ಮುಸ್ಲಿಮ್ಸ್. ಬ್ರಿಟಿಷ್ ಸೈನಿಕರ ಸ್ವತ್ತಿನಂತಿದ್ದ ರೋವರ್ಸ್ ಕಪ್ಪನ್ನು 1937ರಲ್ಲಿ ಕಿತ್ತುಕೊಂಡು, 1938ರಲ್ಲೂ ಬಿಟ್ಟುಕೊಡಲಿಲ್ಲ. ಬೆಂಗಳೂರಿನಿಂದ ಕಲ್ಕತ್ತೆಗೆ ಹೋದ ಅಹ್ಮದ್ ಖಾನ್ ಈಸ್ಟ್ ಬೆಂಗಾಲ್ ಕ್ಲಬ್ಬಿನ ‘ಪಂಚಪಾಂಡವ’ರೆಂದು ಹೆಸರಾದ ಐವರು ಮುಂಚೂಣಿ ಆಟಗಾರರಲ್ಲಿ ಒಬ್ಬ. ಆ ಕ್ಲಬ್ 1953ರಲ್ಲಿ ಮಾಸ್ಕೋಗೆ ಹೋಗಿ ಟಾರ್ಪೆಡೊ ಜೊತೆ 3-3 ಡ್ರಾ ಮಾಡಿಕೊಂಡು ಬಂತು.

ಇಲಾಖೆಯ ತಂಡಗಳನ್ನು ಹೀಗಳೆಯಲು ಮಾತ್ರ ನನಗೆ ಮನಸ್ಸಿಲ್ಲ. ರಷ್ಯದಲ್ಲಿ ಆ ಹೆಸರಿನ ಹಿಂದೆ ಅಧಿಕಾರದ ದರ್ಪವಿತ್ತು, ನಿಜ. ಬೆಂಗಳೂರಿನಲ್ಲಿ ಅದೇ ಬಗೆಯ ಹೆಸರಿನ ಹಿಂದೆ ಒಂದು ನೌಕರಿಯಿತ್ತು. ಕಾರ್ಖಾನೆಯ ತಂಡಕ್ಕೆ ಆಡುವವನಿಗೆ ತಿಂಗಳ ಸಂಬಳ, ಕಾಲು ಸೋತ ಮೇಲೂ ಕೂರಲು ಒಂದು ಕುರ್ಚಿ. ಎಚ್‌ಎಎಲ್ 2012ರಲ್ಲಿ, ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನಿಂದ ಹೊರಬಿತ್ತು. ಮರುವರ್ಷ ಜೆಎಸ್‌ಡಬ್ಲ್ಯು ಕಂಪನಿಯ ಹಣದಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಸಲವೇ ಐ-ಲೀಗ್ ಗೆದ್ದಿತು. ಇಲ್ಲಿ ಹೆಸರು ಊರಿನದು, ಆಟಗಾರನ ಪಾಲಿಗೆ ಬರುವುದು ಅವಧಿ ಬರೆದ ಕರಾರುಪತ್ರ. ಆಟವೇನೋ ಸುಧಾರಿಸಿದೆ. ಆದರೆ ನೆಲ್ಯಹುದಿಕೇರಿಯ ಹುಡುಗನೊಬ್ಬ ಚೆನ್ನಾಗಿ ಆಡುತ್ತಾನೆಂದರೆ ಅವನ ಅಮ್ಮ ಈಗಲೂ ಮೊದಲು ಕೇಳುವುದು, ಅದರಿಂದ ಕೆಲಸ ಸಿಗುತ್ತದಾ ಎಂದೇ.