ನಮ್ಮನಿ ಚಹಾ ಯಾಕೆ ಕಹಿ?



ಯುಗಾದಿ ಹಬ್ಬಕ್ಕೆ ಬಂದಾಗ ನಮ್ಮ ಕಾಕಾ ಹುಬ್ಬಳ್ಳಿಯಿಂದ ಟೀ ಬ್ಯಾಗಿನ ಡಬ್ಬಿ ತಂದಿದ್ದ. ದಾರ ಕಟ್ಟಿದ ಸಣ್ಣ ಕಾಗದದ ಚೀಲ, ಒಳಗೆ ಚಹಾ ಪುಡಿ. ಅವ್ವ ಉಗುರು ಬೆಚ್ಚಗಿನ ಹಾಲು ನೀರಿನಲ್ಲಿ ಅದನ್ನು ಮೂರು ಸಲ ಅದ್ದಿ ತೆಗೆದು ಅಜ್ಜನಿಗೆ ಕೊಟ್ಟಳು. ಅಜ್ಜ ಬಸಿಗೆ ಸುರುವಿಕೊಂಡು ಒಂದು ಗುಟುಕು ಕುಡಿದು "ಇದೇನು ಚಾ ಐತೋ, ಮುಸುರಿ ನೀರೋ?" ಅಂದ. ಎಲ್ಲರೂ ನಕ್ಕರು. ಡಬ್ಬಿ ಮಾಡದೊಳಗೆ ಹೋಯಿತು.

ತಪ್ಪು ಚೀಲದ್ದಲ್ಲ ಅಂತ ನನ್ನ ಅಭಿಪ್ರಾಯ. ಒಂದು ರವಿವಾರ ಪರೀಕ್ಷೆ ಮಾಡಿಯೇ ಬಿಟ್ಟೆ. ನೀರನ್ನು ಕೊತಕೊತ ಕುದಿಸಿ ಮೂರು ಕಪ್ಪಿಗೆ ಸುರಿದು, ಒಂದೊಂದರಲ್ಲಿ ಒಂದು ಚೀಲ ಬಿಟ್ಟು, ಮೇಲೆ ಬಸಿ ಮುಚ್ಚಿದೆ. ಒಂದನ್ನು ೧ ನಿಮಿಷಕ್ಕೆ, ಇನ್ನೊಂದನ್ನು ೪ ನಿಮಿಷಕ್ಕೆ ತೆಗೆದೆ. ಮೂರನೆಯದನ್ನು ೧೫ ನಿಮಿಷ ಹಾಗೇ ಬಿಟ್ಟೆ. ಹಾಲು ಸಕ್ಕರೆ ಹಾಕದೆ ನಾನೂ ತಂಗಿಯೂ ರುಚಿ ನೋಡಿದೆವು. ಮೊದಲನೆಯದಕ್ಕೆ ಬಣ್ಣ ಚಲೋ ಬಂದಿತ್ತು, ಬಾಯಿಗೆ ಮಾತ್ರ ಏನೂ ಹತ್ತಲಿಲ್ಲ. ಎರಡನೆಯದರಲ್ಲಿ ಪರಿಮಳವೂ ಇತ್ತು, ಖಡಕ್ ಕೂಡ ಇತ್ತು. ಮೂರನೆಯದು ಕುಡಿದರೆ ಎಳೆ ಬಾಳೆಕಾಯಿ ಕಚ್ಚಿದಂತೆ ನಾಲಿಗೆಯೆಲ್ಲ ಒಗರು. ತಂಗಿ ಉಗುಳಿಯೇ ಬಿಟ್ಟಳು. ಈ ಒಗರು ಟ್ಯಾನಿನ್‌ನಿಂದ ಬರುತ್ತದೆ, ಹೊತ್ತು ಹೆಚ್ಚಾದಷ್ಟೂ ಅದು ನೀರಿಗೆ ಹೆಚ್ಚು ಇಳಿಯುತ್ತದೆ ಎಂದು ವಿಜ್ಞಾನದ ಗುರುಗಳು ಹೇಳಿದರು. ಬಣ್ಣ ನೋಡಿ ಚಹಾ ಆಯಿತು ಅನ್ನಬಾರದು, ಗಡಿಯಾರ ನೋಡಬೇಕು.

ಒಂದು ಚೀಲ ಹರಿದು ನೋಡಿದೆ. ನಮ್ಮ ಅಂಗಡಿ ಪುಡಿಗಿಂತ ಸಣ್ಣ, ಅಷ್ಟೇ. ನಮ್ಮ ಪಾಕೀಟಿನ ಮೇಲೆ ಸಿ.ಟಿ.ಸಿ. ಎಂದು ಬರೆದಿದೆ. ಹಾಗೆಂದರೆ ಎಲೆಯನ್ನು ಹಲ್ಲಿನ ಉರುಳೆಗಳ ನಡುವೆ ಹಾಯಿಸಿ, ಜಜ್ಜಿ, ಹರಿದು, ಸುರುಳಿ ಸುತ್ತಿಸಿ ಕಾಳು ಮಾಡಿದ್ದು. ೧೯೩೦ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾದ ಪದ್ಧತಿ. ಕಾಳು ಸಣ್ಣದಿದ್ದಷ್ಟೂ ಸತ್ವ ಬೇಗ ಬಿಡುತ್ತದೆ. ಹಾಗಿದ್ದರೆ ನಮ್ಮನಿಯಲ್ಲಿ ಅದನ್ನು ಅರ್ಧ ತಾಸು ಯಾಕೆ ಕುದಿಸಬೇಕು? ಮುಂಜಾನೆಯ ಪುಡಿಗೇ ಸಂಜೆ ಮತ್ತೊಂದು ಚಮಚ ಸೇರಿಸಿ ಕುದಿಸುತ್ತಾರೆ. ಅದು ಕಹಿಯಾಗುತ್ತದೆ. ಕಹಿ ಮುಚ್ಚಲು ಕಪ್ಪಿಗೆ ೩ ಚಮಚ ಸಕ್ಕರೆ!

ನಮ್ಮ ಅಜ್ಜನಿಗೆ ಸಕ್ಕರೆ ಕಾಯಿಲೆ ಇದೆ. ಕಾಲಿನ ಗಾಯ ಎರಡು ತಿಂಗಳಾದರೂ ಒಣಗಿಲ್ಲ. ಡಾಕ್ಟರು ಸಕ್ಕರೆ ಬಿಡಿ ಎಂದಿದ್ದಾರೆ. ಅವ್ವ ಕಡಿಮೆ ಹಾಕಿದ ದಿನ ಅಜ್ಜ ಸಿಟ್ಟಾಗುತ್ತಾನೆ, ಅವ್ವ ಬೈಸಿಕೊಳ್ಳುತ್ತಾಳೆ. ಅಜ್ಜನಿಗೆ ಬೇಕಾದದ್ದು ಸಕ್ಕರೆಯಲ್ಲ, ಕಹಿ ಇಲ್ಲದ ಚಹಾ ಅಂತ ನನಗೆ ಅನಿಸುತ್ತದೆ.

ಟೀ ಬ್ಯಾಗೇ ತನ್ನಿರಿ ಅಂತ ನಾನು ಹೇಳುವುದಿಲ್ಲ. ನಮ್ಮನಿಯಲ್ಲಿ ಒಂಬತ್ತು ಮಂದಿ, ಅದು ಪೂರೈಸುವುದಿಲ್ಲ. ಪುಡಿಯನ್ನೇ ಕುದಿಯುವ ನೀರಿಗೆ ಹಾಕಿ, ಒಲೆಯಿಂದ ಇಳಿಸಿ, ೪ ನಿಮಿಷ ಮುಚ್ಚಿಟ್ಟು, ಸೋಸಿ ಬಿಸಿ ಹಾಲು ಹಾಕಿದರೆ ಸಾಕು. ದೊಡ್ಡವ್ವ ಒಪ್ಪಲಿಲ್ಲ. "ಕುದಿಸದ ಚಾ ಎಲ್ಲಿಂದ ಬಂತವ್ವಾ" ಅಂದಳು. ಶುಂಠಿ ಹಾಕಿ ಕುದಿಸಿದ ಚಹಾ ನನಗೂ ಸೇರುತ್ತದೆ. ಆದರೆ ಶುಂಠಿಯನ್ನು ಬೇಕಾದಷ್ಟು ಕುದಿಸಿರಿ, ಪುಡಿ ಕಡೆಗೆ ಹಾಕಿರಿ.

ಒಂದು ವಾರದಿಂದ ಅಜ್ಜನ ಚಹಾ ನಾನೇ ಮಾಡುತ್ತಿದ್ದೇನೆ. ಸಕ್ಕರೆ ೧ ಚಮಚಕ್ಕೆ ಬಂದಿದೆ. ಅಜ್ಜ ಇನ್ನೂ ಬೈದಿಲ್ಲ, ಯಾಕೆಂದರೆ ಅವನಿಗೆ ಗೊತ್ತಿಲ್ಲ. ಇದನ್ನು ಓದಿದವರು ದಯವಿಟ್ಟು ಅವನ ಮುಂದೆ ಹೇಳಬೇಡಿರಿ.

ಇಂತಿ,
೭ನೇ ತರಗತಿ ವಿದ್ಯಾರ್ಥಿನಿ