ಇಂದ್ರಿಯಗಳಿಗೆ ಹಬ್ಬ, ನೆಲಕ್ಕೆ ಉಪವಾಸ

ಕಾರನ್ನು ಕಣ್ಣಿಗಷ್ಟೇ ತೋರಿಸಿ ಮಾರುವ ಕಾಲ ಮುಗಿದಿದೆ. ಕತ್ತಲ ಸಭಾಂಗಣ, ಸುತ್ತಲೂ ಬೃಹತ್ ಪರದೆ, ಎದೆ ನಡುಗಿಸುವ ಧ್ವನಿ, ಇಲ್ಲದ್ದನ್ನು ಇದ್ದಂತೆ ತೋರಿಸುವ ಕನ್ನಡಕ, ಗಾಳಿಗೆ ಬೆರೆಸಿದ ಪರಿಮಳ. ಇಷ್ಟೆಲ್ಲ ಸಲಕರಣೆಗಳೊಡನೆ ಇಂದು ಮಾರಾಟವಾಗುವುದು ವಾಹನವಲ್ಲ, ‘ಅನುಭವ’. 2024ರ ನವೆಂಬರ್ 26ರಂದು ಚೆನ್ನೈನಲ್ಲಿ ಮಹೀಂದ್ರ ಕಂಪನಿ ಎರಡು ವಿದ್ಯುತ್ ಕಾರುಗಳನ್ನು ಅನಾವರಣಗೊಳಿಸಿದಾಗ ಎ.ಆರ್. ರೆಹಮಾನ್ ಸಂಯೋಜಿಸಿದ ಧ್ವನಿಗಳೂ ಕಾರಿನೊಳಗಿನ 16 ಸ್ಪೀಕರುಗಳೂ ಪ್ರಚಾರದ ಸರಕಾದವು.

ಇಂಥ ಪರದೆಗಳ ಮೇಲೆ ಮೂಡುವುದು ಬಹುತೇಕ ಬೆಟ್ಟ, ಹಳ್ಳ, ಮಂಜು. ಅದೇ ವರ್ಷ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿದು ಜನರನ್ನು ನುಂಗಿದ ದೃಶ್ಯಕ್ಕೆ ಅಲ್ಲಿ ಸ್ಥಳವಿಲ್ಲ.

ಬೆಟ್ಟದ ಕಥೆ ಬೆಟ್ಟದಲ್ಲಿಯೇ ಮುಗಿಯುವುದಿಲ್ಲ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಅಫಜಲಪುರ, ಜೇವರ್ಗಿಗಳ ಎರೆಭೂಮಿಗೆ ಇಳಿಯುತ್ತಾಳೆ. 2020ರ ಅಕ್ಟೋಬರ್‌ನಲ್ಲಿ ಅವಳು ಉಕ್ಕಿದಾಗ ಕಟಾವಿಗೆ ಬಾರದ ತೊಗರಿ ನೀರಿನಲ್ಲಿ ನಿಂತು ಕೊಳೆಯಿತು. 2022ರ ಹಂಗಾಮಿನಲ್ಲಿ ಆಳಂದವೂ ಸೇರಿದಂತೆ ಕಲಬುರಗಿ ಜಿಲ್ಲೆಯ ಹೊಲಗಳನ್ನು ನೆಟೆ ರೋಗ ಒಣಗಿಸಿತು. ಇಲ್ಲಿಯ ರೈತ ಕಾಂಡವನ್ನು ಸೀಳಿ, ಒಳಗಿನ ಕಂದುಗೆರೆಯನ್ನು ಕಂಡು ರೋಗವನ್ನು ಗುರುತಿಸುತ್ತಾನೆ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಬಿತ್ತನೆಯ ಹದವನ್ನು ಅರಿಯುತ್ತಾನೆ. ಇಂದ್ರಿಯಗಳ ನಿಜವಾದ ಉಪಯೋಗ ಇದು. ಇದಕ್ಕೆ ಯಾವ ಕನ್ನಡಕವೂ ಬೇಡ.

ಸ್ವಲ್ಪ ಲೆಕ್ಕ ಹಾಕಬಹುದು. ಆ ಎರಡು ಕಾರುಗಳಲ್ಲಿ ಅಗ್ಗದ್ದರ ಆರಂಭಿಕ ಬೆಲೆ 18.90 ಲಕ್ಷ ರೂಪಾಯಿ. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,550. ಅಂದರೆ ಒಂದು ಕಾರಿಗೆ 250 ಕ್ವಿಂಟಲ್ ತೊಗರಿ! ಮಳೆಯಾಶ್ರಯದಲ್ಲಿ ಎಕರೆಗೆ ಐದು ಕ್ವಿಂಟಲ್ ಬಂದರೂ ಅದು ಐವತ್ತು ಎಕರೆಯ ಇಡೀ ಬೆಳೆ. ನೆಟೆ ರೋಗದ ನಷ್ಟಕ್ಕೆ 2023ರಲ್ಲಿ ಸರ್ಕಾರ ಘೋಷಿಸಿದ ಪರಿಹಾರ ಹೆಕ್ಟೇರಿಗೆ 10,000 ರೂಪಾಯಿ. ಒಂದು ಕಾರಿನ ಬೆಲೆಯಲ್ಲಿ 189 ಹೆಕ್ಟೇರಿನ ಕಣ್ಣೀರು ಒರೆಸಬಹುದಿತ್ತು.

‘ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲವಲ್ಲ’ ಎಂಬ ಸಮರ್ಥನೆ ಸಿದ್ಧವಾಗಿರುತ್ತದೆ. ಪೆಟ್ರೋಲ್ ಕಾರಿಗಿಂತ ಅದು ಮೇಲು ಎಂಬುದು ನಿಜ. ಆದರೆ ಒಬ್ಬಿಬ್ಬರನ್ನು ಸಾಗಿಸಲು ಸುಮಾರು ಎರಡು ಟನ್ ಭಾರವನ್ನು ಎಳೆಯುವ ಯಂತ್ರವನ್ನು ಹಸಿರೆಂದು ಕರೆಯುವುದು ಹೇಗೆ? ವಿದ್ಯುತ್ತಿನ ಹಸಿವಿನ ಹೆಸರಿನಲ್ಲಿಯೇ ಶರಾವತಿ ಕಣಿವೆಯ ಸಿಂಗಳೀಕಗಳ ಕಾಡಿನಲ್ಲಿ 2,000 ಮೆಗಾವಾಟ್‌ನ ಭೂಗತ ಯೋಜನೆ ರೂಪುಗೊಂಡಿದೆ ಎಂಬುದನ್ನು ಮರೆಯಬಾರದು.

ಈ ಹಬ್ಬಕ್ಕೆ ಸಾರ್ವಜನಿಕರ ಹಣವೂ ಸಲ್ಲುತ್ತಿದೆ. ವಿದ್ಯುತ್ ಕಾರಿನ ಜಿಎಸ್‌ಟಿ 2019ರ ಆಗಸ್ಟ್‌ನಲ್ಲಿ ಶೇ 5ಕ್ಕೆ ಇಳಿಯಿತು, ಕಾರಿನ ಬೆಲೆ ಎಷ್ಟೇ ಇರಲಿ. ಬಡವರ ಡೀಸೆಲ್ ಬಸ್ಸಿಗೆ 2025ರ ಸೆಪ್ಟೆಂಬರ್‌ವರೆಗೂ ಶೇ 28, ಅನಂತರ ಶೇ 18. ಆಳಂದದಿಂದ ಆಸ್ಪತ್ರೆಗೆ, ಜೇವರ್ಗಿಯಿಂದ ಕಾಲೇಜಿಗೆ ಹೋಗುವವರು ಕಾಯುವುದು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿಗೇ ಹೊರತು ಪರಿಮಳ ಸೂಸುವ ಕಾರಿಗಲ್ಲ.

ಐಷಾರಾಮಿ ಕಾರಿನ ರಿಯಾಯಿತಿ ನಿಲ್ಲಬೇಕು. ಆ ಹಣ ಹಳ್ಳಿಯ ಬಸ್ಸಿಗೂ, ನೆಟೆ ರೋಗವನ್ನು ತಾಳುವ ತೊಗರಿ ಬೀಜಕ್ಕೂ ಹೋಗಬೇಕು. ಬಿತ್ತುವ ಕೈಗೆ ಬೀಜ ಕೊಡದ ನಾಡು ಕೊಳ್ಳುವ ಕಣ್ಣಿಗೆ ಕನಸು ಹಂಚುವುದು ಅಭಿವೃದ್ಧಿಯಲ್ಲ, ಅವಿವೇಕ.